ನೋವಿಲ್ಲದ ಕಾಲಿನ ಮೇಲೆ ಕಣ್ಣಿರಲಿ



ದಿನಕ್ಕೆ ನಾಲ್ಕು ಸಲ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತೇವೆ. ಆದರೆ ನಿಮ್ಮ ಅಂಗಾಲನ್ನು ನೀವು ಕೊನೆಯ ಸಲ ನೋಡಿದ್ದು ಯಾವಾಗ, ಹೇಳಿ ನೋಡೋಣ? ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದರೆ ಇದು ತಮಾಷೆಯ ಪ್ರಶ್ನೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಈ ಕಾಯಿಲೆ ಇದೆ. ಅಂದ ಮೇಲೆ ನಿಮ್ಮ ಮನೆಯಲ್ಲಿಲ್ಲದಿದ್ದರೆ ಪಕ್ಕದ ಮನೆಯಲ್ಲಾದರೂ ಇದ್ದೇ ಇರುತ್ತದೆ.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹತೋಟಿ ತಪ್ಪಿದರೆ ಕಾಲಿನ ನರಗಳು ಮೆಲ್ಲಗೆ ಸೋಲುತ್ತವೆ. ಮೊದಲು ಜೋಮು, ರಾತ್ರಿ ಹೊತ್ತು ಉರಿ, ಹತ್ತಿಯ ಮೇಲೆ ನಡೆದ ಹಾಗೆ ಅನಿಸುವುದು. ಆಮೇಲೆ ಅದೂ ಇಲ್ಲ. “ಉರಿ ನಿಂತಿತು, ಗುಣವಾಯಿತು” ಅಂತ ಸಂತೋಷಪಡುವವರಿದ್ದಾರೆ. ಗುಣವಾದದ್ದಲ್ಲ, ನರ ಮೂಕವಾದದ್ದು! ಜೊತೆಗೆ ಕಾಲಿನ ಬೆವರು ಕಡಿಮೆಯಾಗಿ ಚರ್ಮ ಒಣಗಿ ಹಿಮ್ಮಡಿ ಬಿರಿಯುತ್ತದೆ. ರಕ್ತನಾಳಗಳೂ ಕಿರಿದಾದರೆ ಗಾಯ ಒಣಗಲು ಬೇಕಾದಷ್ಟು ರಕ್ತ ಪಾದಕ್ಕೆ ಇಳಿಯುವುದಿಲ್ಲ.

ನಮ್ಮ ಕದ್ರಿಯಲ್ಲೇ ನಾಲ್ಕು ಮನೆ ಆಚೆ ಹಿರಿಯರೊಬ್ಬರಿದ್ದಾರೆ. ಪೇಟೆಗೆ ಹೋಗಿ ಬಂದವರ ಕಾಲೊರಸಿನ ಮೇಲೆ ರಕ್ತದ ಕಲೆ ಕಂಡು ಸೊಸೆ ಗಾಬರಿಯಾದಳು. ನೋಡಿದರೆ ಚಪ್ಪಲಿಯಡಿಯಿಂದ ಸಣ್ಣ ಮೊಳೆಯೊಂದು ಮೇಲೆ ಬಂದಿದೆ. ಬೆಳಗ್ಗಿನಿಂದ ಅದರ ಮೇಲೇ ನಡೆದಿದ್ದಾರೆ! “ಏನಿಲ್ಲ ಮಗಾ, ನೋವೇ ಇಲ್ಲ, ಯಾಕೆ ಸುಮ್ಮನೆ ಡಾಕ್ಟ್ರು?” ಅಂತ ಅರಶಿನ ಮೆತ್ತಿಸಿಕೊಂಡರು. ಐದನೆಯ ದಿನ ಕಾಲು ಬಾತು ವಾಸನೆ ಬಂತು. ಆಸ್ಪತ್ರೆಯಲ್ಲಿ ಒಂದು ಬೆರಳು ತೆಗೆಯಬೇಕಾಯಿತು. ಅಷ್ಟಕ್ಕೇ ಮುಗಿದದ್ದು ಅವರ ಪುಣ್ಯ.

ನೋವು ನಮ್ಮ ಶತ್ರುವಲ್ಲ, ಕಾವಲುಗಾರ ಎಂದು ಲೋಕಕ್ಕೆ ತಿಳಿಸಿಕೊಟ್ಟವರಲ್ಲಿ ಡಾ. ಪಾಲ್ ಬ್ರಾಂಡ್ ಮುಖ್ಯರು. ತಮಿಳುನಾಡಿನ ಕೊಲ್ಲಿಮಲೆಯಲ್ಲಿ 1914ರಲ್ಲಿ ಹುಟ್ಟಿದ ಇವರು 1946ರಿಂದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಶಸ್ತ್ರವೈದ್ಯರಾಗಿದ್ದರು. ಕುಷ್ಠರೋಗಿಗಳ ಬೆರಳು ತಾನಾಗಿ ಉದುರುತ್ತದೆ ಎಂದು ಜನ ನಂಬಿದ್ದ ಕಾಲ ಅದು. ಸ್ಪರ್ಶ ಸತ್ತ ಕಾಲಿಗೆ ಗೊತ್ತಿಲ್ಲದೆ ಆಗುವ ಗಾಯ, ಸುಟ್ಟದ್ದು, ಒತ್ತಿದ್ದು, ಇವುಗಳಿಂದಲೇ ಅಂಗ ಹಾಳಾಗುತ್ತದೆ ಎಂದು ಅವರು ತೋರಿಸಿದರು. ಮುಂದೆ ಅಮೆರಿಕಕ್ಕೆ ಹೋದಾಗ ಸಕ್ಕರೆ ಕಾಯಿಲೆಯವರ ಪಾದದಲ್ಲೂ ಇದೇ ಕತೆ ಕಂಡರು. ಕುಷ್ಠರೋಗಿಗಳಿಗೆಂದು ಬಳಕೆಗೆ ಬಂದ ಮೆತ್ತನೆಯ ಎಂ.ಸಿ.ಆರ್. ರಬ್ಬರಿನ ಚಪ್ಪಲಿಯನ್ನು ಇಂದು ಸಕ್ಕರೆ ಕಾಯಿಲೆಯವರಿಗೂ ವೈದ್ಯರು ಹೇಳುತ್ತಾರೆ.

ಕಾಲಿನ ಸ್ಪರ್ಶ ಇದೆಯೇ ಎಂದು ಮನೆಯಲ್ಲೇ ನೋಡಬಹುದು. ಅವರು ಕಣ್ಣು ಮುಚ್ಚಿರಲಿ. ನಿಮ್ಮ ತೋರುಬೆರಳಿನಿಂದ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಹಗುರವಾಗಿ ಒಂದೆರಡು ಕ್ಷಣ ಮುಟ್ಟಿ. ಒತ್ತಬೇಡಿ, ತಟ್ಟಬೇಡಿ, ಕಚಗುಳಿ ಇಡಬೇಡಿ. ಮುಟ್ಟಿದ್ದು ತಿಳಿದಾಗ ಎಡವೋ ಬಲವೋ ಹೇಳಲಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಸ್ಪರ್ಶ ಕುಂದಿದೆ ಎಂದೇ ತಿಳಿದು ವೈದ್ಯರಿಗೆ ತೋರಿಸಿ. ಎಲ್ಲ ಸರಿಯಿದ್ದರೂ ವರ್ಷಕ್ಕೊಮ್ಮೆ ವೈದ್ಯರಿಂದ ಪಾದದ ಪರೀಕ್ಷೆ ಆಗಲೇಬೇಕು.

ಇನ್ನು ದಿನನಿತ್ಯದ ಆರೈಕೆ:

1. ರಾತ್ರಿ ಪಾತ್ರೆ ತೊಳೆದಾದ ಮೇಲೆ ಐದು ನಿಮಿಷ ಬೆಳಕಿನಲ್ಲಿ ಕೂತು ಅಂಗಾಲು, ಹಿಮ್ಮಡಿ, ಬೆರಳ ಸಂದು ನೋಡಿ. ಬಗ್ಗಲಾಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಲಿ. ಕಣ್ಣು ಮಂದವಾದವರದ್ದನ್ನು ಮನೆಯವರು ನೋಡಬೇಕು.

2. ಕಾಲು ತೊಳೆಯುವ ನೀರು ಉಗುರುಬೆಚ್ಚಗಿರಲಿ. ಹಂಡೆಯ ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ, ಕಾಲಿನಿಂದಲ್ಲ. ಬಿಸಿನೀರಿನ ಚೀಲದ ಶಾಖವೂ ಬೇಡ.

3. ಹಳೆಯ ಮೆತ್ತನೆಯ ಬೈರಾಸಿನಿಂದ ಬೆರಳ ಸಂದುಗಳನ್ನು ಒತ್ತಿ ಒರೆಸಿ. ಹಿಮ್ಮಡಿಗೆ, ಅಂಗಾಲಿಗೆ ತೆಂಗಿನೆಣ್ಣೆ ಹಚ್ಚಿ. ಬೆರಳ ಸಂದಿಗೆ ಮಾತ್ರ ಬೇಡ, ಅಲ್ಲಿ ಹಸಿ ನಿಂತರೆ ಹುಣ್ಣಾಗುತ್ತದೆ.

4. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆ ಕೊರೆಯಬೇಡಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ. ಅಂಗಡಿಯಲ್ಲಿ ಸಿಗುವ ಆಣಿ ಪಟ್ಟಿಯಲ್ಲಿ ಆಮ್ಲ ಇರುತ್ತದೆ, ಅದೂ ಬೇಡ.

5. ಮನೆಯೊಳಗೂ ಚಪ್ಪಲಿ ಇರಲಿ. ಹಾಕುವ ಮೊದಲು ಕೊಡವಿ, ಒಳಗೆ ಕೈಯಾಡಿಸಿ. ಹೊಸ ಚಪ್ಪಲಿಯನ್ನು ಸಂಜೆ ಕೊಳ್ಳಿ, ಆಗ ಪಾದ ಸ್ವಲ್ಪ ಬಾತಿರುತ್ತದೆ. ಬೆರಳ ಸಂದಿಯಲ್ಲಿ ಉಜ್ಜುವ ಹವಾಯಿಗಿಂತ ಹಿಂದೆ ಪಟ್ಟಿ ಇರುವುದು ವಾಸಿ.

ನಮ್ಮ ಕರಾವಳಿಗೆ ಇನ್ನೆರಡು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಾಲು ಒಣಗುವುದೇ ಅಪರೂಪ. ಮಳೆಯಲ್ಲಿ ನೆನೆದು ಬಂದ ಕೂಡಲೇ ತೊಳೆದು ಒರೆಸಿ. ಸಂದಿನಲ್ಲಿ ಬಿಳಿಚಿಕೊಂಡು ತುರಿಸಿದರೆ ಅದು ಶಿಲೀಂಧ್ರದ ಕೆಲಸ, ಮುಲಾಮು ಬರೆಸಿಕೊಳ್ಳಿ. ಬೇಸಗೆಯಲ್ಲಿ ದೇವಸ್ಥಾನಕ್ಕೆ ಹೋಗುವುದಿದ್ದರೆ ಮುಂಜಾನೆಯೇ ಹೋಗಿ. ಕದ್ರಿ ಮಂಜುನಾಥನ ಸನ್ನಿಧಿಯಾಗಲಿ ನಿಮ್ಮೂರಿನ ಗುಡಿಯಾಗಲಿ, ಮಧ್ಯಾಹ್ನ ಕಾದ ಕಲ್ಲು ಎಲ್ಲರ ಕಾಲನ್ನೂ ಸುಡುತ್ತದೆ. ನಾವು ಹಾರಿ ನೆರಳು ಸೇರುತ್ತೇವೆ, ಸ್ಪರ್ಶವಿಲ್ಲದವರು ನಿಧಾನವಾಗಿ ಪ್ರದಕ್ಷಿಣೆ ಮುಗಿಸುತ್ತಾರೆ. ಬೊಕ್ಕೆ ಎದ್ದದ್ದು ಮರುದಿನವೇ ಗೊತ್ತಾಗುವುದು.

ಇಷ್ಟಾದರೂ ಗಾಯವಾದರೆ? ಶುದ್ಧ ನೀರಿನಿಂದ ತೊಳೆದು, ಶುಭ್ರವಾದ ಬಟ್ಟೆ ಕಟ್ಟಿ, ಅಂದೇ ಅಥವಾ ಮರುದಿನವೇ ವೈದ್ಯರಲ್ಲಿಗೆ ಹೋಗಿ. ಅರಶಿನ, ಸುಣ್ಣ, ಕಾಫಿ ಪುಡಿ ಯಾವುದೂ ಬೇಡ. ಕೆಂಪು, ಬಾವು, ಕೀವು, ವಾಸನೆ, ಕಪ್ಪು ಬಣ್ಣ ಅಥವಾ ಜ್ವರ ಕಂಡರೆ ರಾತ್ರಿಯಾದರೂ ಕಾಯಬೇಡಿ. ನಮ್ಮಲ್ಲಿ ವೆನ್ಲಾಕ್ ಇದ್ದಂತೆ ನಿಮ್ಮಲ್ಲೂ ಸರ್ಕಾರಿ ಆಸ್ಪತ್ರೆ ಇರುತ್ತದೆ, ಖರ್ಚಿನ ಹೆದರಿಕೆಗೆ ತಡ ಮಾಡಬೇಡಿ. ಔಷಧದಷ್ಟೇ ಮುಖ್ಯವಾದದ್ದು ಆ ಕಾಲಿನ ಮೇಲೆ ಭಾರ ಬೀಳದಿರುವುದು. ಹುಣ್ಣಿನ ಮೇಲೆ ನಡೆದಷ್ಟೂ ಅದು ಆಳಕ್ಕೆ ಇಳಿಯುತ್ತದೆ.

ಇಲ್ಲೇ ನಮ್ಮ ಕಷ್ಟ ಇರುವುದು ಸೋದರಿಯರೇ. ಮಾವನವರ ಕಾಲಿಗೆ ಗಾಯವಾದರೆ ಕುರ್ಚಿಯಲ್ಲಿ ಕೂರಿಸಿ ಕಾಫಿ ಅಲ್ಲಿಗೇ ಕೊಡುತ್ತೇವೆ. ನಮ್ಮ ಕಾಲಿಗಾದರೆ? ಬಟ್ಟೆ ಸುತ್ತಿಕೊಂಡು ಒಲೆಯ ಮುಂದೆ ನಿಲ್ಲುತ್ತೇವೆ. ಕಾಲುಂಗುರ ಬಿಗಿಯಾಗಿ ಬೆರಳನ್ನು ಕೊರೆದರೂ “ತೆಗೆದರೆ ಯಾರು ಏನಂದಾರೋ” ಅಂತ ಸುಮ್ಮನಿರುತ್ತೇವೆ. ಸಕ್ಕರೆ ಕಾಯಿಲೆ ಇದ್ದು ಉಂಗುರ ಒತ್ತುತ್ತಿದ್ದರೆ ಅಕ್ಕಸಾಲಿಗರಲ್ಲಿ ಸಡಿಲ ಮಾಡಿಸಿ. ಬೆರಳು ಬಾತಿದ್ದರೆ ತೆಗೆದೇ ಬಿಡಿ. ಬೆರಳಿದ್ದರೆ ತಾನೇ ಉಂಗುರ?

ಆದ್ದರಿಂದ ಇವತ್ತು ರಾತ್ರಿ ಅತ್ತೆ ಮಾವಂದಿರ ಕಾಲು ನೋಡಿದ ಮೇಲೆ ದೀಪ ಆರಿಸಬೇಡಿ. ನಿಮಗೂ ಸಕ್ಕರೆ ಇದ್ದರೆ ನಿಮ್ಮ ಕಾಲನ್ನೂ ಮಗಳ ಮುಂದೆಯೋ ಯಜಮಾನರ ಮುಂದೆಯೋ ನೀಡಿ, “ಸ್ವಲ್ಪ ನೋಡಿ” ಅನ್ನಿ. ಅದರಲ್ಲಿ ಸಂಕೋಚ ಏನಿದೆ?