ಚೀಲದಲ್ಲಿರುವುದು ಯಾವ ಕೋಶ? ಭಾರತದ ಔಷಧ ಮಹಾನಿಯಂತ್ರಕರಿಗೆ ಬಹಿರಂಗ ಪತ್ರ

ವಾಸ್ಕೋದಿಂದ ಬರೆಯುತ್ತಿದ್ದೇನೆ. ಇಲ್ಲಿನ ಕನ್ನಡಿಗರಿಗೂ ಕಾರವಾರ, ಅಂಕೋಲಾ ಕಡೆಯವರಿಗೂ ದೊಡ್ಡ ಕಾಯಿಲೆ ಬಂದರೆ ಮೊದಲು ಹತ್ತುವ ಮೆಟ್ಟಿಲು ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜಿನದು. ರಕ್ತದ ಕ್ಯಾನ್ಸರ್ ಎಂದರೆ ಮುಂದೆ ಮುಂಬೈ, ಬೆಂಗಳೂರು, ವೆಲ್ಲೂರು. ಫೈಲು ಹಿಡಿದು ರಾಜ್ಯ ದಾಟುವವರು ಹೇಳುವುದು ಒಂದೇ: ‘ಸ್ಟೆಮ್ ಸೆಲ್ ಹಾಕಿಸಬೇಕಂತೆ.’ ಯಾವುದು, ಯಾರದ್ದು ಎಂದರೆ ಗೊತ್ತಿಲ್ಲ.

ಗೊತ್ತಾಗುವುದಾದರೂ ಹೇಗೆ? ಬೇರೆ ಬೇರೆ ಚಿಕಿತ್ಸೆಗಳಿಗೂ ಜನರ ಬಾಯಲ್ಲಿ ಅದೊಂದೇ ಹೆಸರು. 2023ರ ಅಕ್ಟೋಬರಿನಲ್ಲಿ ನಿಮ್ಮ ಸಂಸ್ಥೆ ಒಪ್ಪಿದ ರಕ್ತ ಕ್ಯಾನ್ಸರಿನ ಚಿಕಿತ್ಸೆ ನೆಕ್ಸ್‌ಕಾರ್19, ರೋಗಿಯ ಸ್ವಂತ ಟಿ-ಕೋಶಗಳಿಗೆ ಜೀನ್ ಸೇರಿಸಿ ಮಾಡಿದ್ದು. ಅದು ಸ್ಟೆಮ್ ಸೆಲ್ಲೇ ಅಲ್ಲ. ಬೆಂಗಳೂರಿನ ಕಂಪನಿಯ ಸ್ಟೆಮ್‌ಪ್ಯೂಸೆಲ್ ಎಂಬ ಔಷಧ, ಹಲವು ದಾನಿಗಳ ಅಸ್ಥಿಮಜ್ಜೆಯ ಕೋಶಗಳನ್ನು ಕೂಡಿಸಿ ಬೆಳೆಸಿದ್ದು. ತಂಗಿಗೆ ಅಣ್ಣ ಕೊಡುವ ಮಜ್ಜೆ ಇನ್ನೂ ಬೇರೆ.

ಕಂಪನಿಯ ಔಷಧಕ್ಕೆ ಅಂತರರಾಷ್ಟ್ರೀಯ ಹೆಸರಾದರೂ ಇದೆ. ನೆಕ್ಸ್‌ಕಾರ್‌ನದು ಟಾಲಿಕ್ಯಾಬ್ಟಾಜೀನ್ ಆಟೋಲ್ಯೂಸೆಲ್. ನಾಲಿಗೆ ಹೊರಳದು ನಿಜ, ಆದರೆ ಸ್ವಂತದ್ದು, ಬಿಳಿ ರಕ್ತಕಣದ್ದು, ಜೀನ್ ತಿದ್ದಿದ್ದು ಎಂಬುದಷ್ಟೂ ಅದರೊಳಗಿದೆ. ನನ್ನ ಚಿಂತೆ ಆಸ್ಪತ್ರೆಯಲ್ಲೇ ತಯಾರಾಗುವ ಚೀಲದ್ದು. ಒಬ್ಬನೇ ದಾನಿಯಿಂದ ಕಸಿಗೆ ರಕ್ತಮೂಲ ಕೋಶ ತೆಗೆಯುತ್ತಾರೆ. ರೋಗಿಗೆ ಕಾಯಿಲೆ ಮರುಕಳಿಸಿದರೆ ಅದೇ ದಾನಿಯ ಲಿಂಫೋಸೈಟ್ ಎಂಬ ಬಿಳಿ ರಕ್ತಕಣ ತೆಗೆದು ಕೊಡುವುದುಂಟು. ಕಣ್ಣಿಗೆ ಎರಡೂ ಒಂದೇ. ಲಿಂಫೋಸೈಟಿನ ಪ್ರಮಾಣ ಮಿತಿ ಮೀರಿದರೆ ದಾನಿಯ ಕೋಶಗಳೇ ರೋಗಿಯ ಚರ್ಮ, ಕರುಳು, ಯಕೃತ್ತಿನ ಮೇಲೆ ತಿರುಗಿ ಬೀಳಬಹುದು. ಇಂಥ ಕಡೆ ಕೈಬರಹದ ‘ಸ್ಟೆಮ್ ಸೆಲ್, ಚೀಲ 2’ ಸಾಲದು.

ದಾರಿ ಹೊಸದಾಗಿ ಹುಡುಕಬೇಕಿಲ್ಲ. 1991ರ ಕೊಲ್ಲಿ ಯುದ್ಧದಲ್ಲಿ ನಾನಾ ದೇಶಗಳ ರಕ್ತದ ಚೀಲಗಳು ಒಂದೆಡೆ ಸೇರಿ, ಲೇಬಲ್ ಓದುವುದೇ ಪೇಚಾಟವಾಯಿತು. ಆ ಪಾಠದಿಂದ ಬಲ ಪಡೆದ ಐಎಸ್‌ಬಿಟಿ 128 ಎಂಬ ಲೇಬಲ್ ಪದ್ಧತಿಯಲ್ಲಿ ಕೋಶಗಳಿಗೂ ನಿಗದಿತ ಹೆಸರುಗಳಿವೆ: ಎಚ್‌ಪಿಸಿ (ರಕ್ತಮೂಲ ಕೋಶ) ಮ್ಯಾರೋ, ಎಚ್‌ಪಿಸಿ ಅಫೆರೆಸಿಸ್, ಎಚ್‌ಪಿಸಿ ಕಾರ್ಡ್ ಬ್ಲಡ್. ಜೊತೆಗೆ ಸ್ಕ್ಯಾನರ್ ಓದುವ ಸಂಕೇತ. ಈ ಪದ್ಧತಿಯನ್ನು ದೇಶದಾದ್ಯಂತ ಕಡ್ಡಾಯ ಮಾಡಿ.

ಚೀಲಕ್ಕಷ್ಟೇ ಅಲ್ಲ, ಬಿಲ್ಲಿಗೂ. ಮಂಡಿನೋವಿಗೆ, ಉದುರುವ ಕೂದಲಿಗೆ ‘ಸ್ಟೆಮ್ ಸೆಲ್’ ಚುಚ್ಚುವ ಕ್ಲಿನಿಕ್ಕುಗಳು ಸಿರಿಂಜಿನಲ್ಲಿರುವುದರ ಹೆಸರನ್ನು ಬರೆದು ಸಹಿ ಹಾಕಲಿ. ಸ್ಟೆಮ್ ಸೆಲ್ ಕುರಿತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯನ್ನು ಬದಿಗೊತ್ತಿದವರು ಆಗ ತಾವಾಗಿಯೇ ಪತ್ತೆಯಾಗುತ್ತಾರೆ.

ಡಿಸ್ಚಾರ್ಜ್ ಚೀಟಿಯಲ್ಲೂ ಆ ಹೆಸರು, ಸಂಕೇತ ಇರಲಿ. ಮುಂಬೈಯಿಂದ ಮರಳಿದವನಿಗೆ ನಡುರಾತ್ರಿ ಜ್ವರ ಬಂದರೆ ನೋಡುವವರು ಬಾಂಬೋಳಿಯ ಡ್ಯೂಟಿ ಡಾಕ್ಟರು. ಟಿ-ಕೋಶ ಪಡೆದವನ ಜ್ವರ, ಮಜ್ಜೆ ಪಡೆದವನ ಜ್ವರ ಎರಡಕ್ಕೂ ಕಾರಣ ಬೇರೆಯಿರಬಹುದು, ಮದ್ದೂ ಬೇರೆಯಿರಬಹುದು.

ಇತಿ,
ವಾಸ್ಕೋದ ಒಬ್ಬ ಕನ್ನಡಿಗ