ಹಳೆಯದು ಯಾವುದು?

ತಪಸ್ಸುಕಾಲದಲ್ಲಿ ಹೆಬ್ಬಾಳದ ಕಡೆಯ ಯುವಕನೊಬ್ಬ ನನ್ನ ಬಳಿಗೆ ಬಂದು, "ಫಾದರ್, ನಮಗೆ ಲ್ಯಾಟಿನ್ ಪೂಜೆ ಬೇಕು. ಅದೇ ನಿಜವಾದ ಪೂಜೆ" ಎಂದ. ಆತ ಅದನ್ನು ಕಂಡದ್ದು ಮೊಬೈಲಿನಲ್ಲಿ.

ಈ ಮಾತನ್ನು ನಾನು ಒಪ್ಪಲಾರೆ. ರೋಮಿನ ಆದಿ ಕ್ರೈಸ್ತರು ಬಲಿಪೂಜೆ ಅರ್ಪಿಸಿದ್ದು ಗ್ರೀಕ್ ಭಾಷೆಯಲ್ಲಿ. ಜನರಿಗೆ ಗ್ರೀಕ್ ಅರ್ಥವಾಗದಂತಾದಾಗ, ಸುಮಾರು 4ನೇ ಶತಮಾನದಲ್ಲಿ, ಅವರ ನುಡಿಯಾಗಿದ್ದ ಲ್ಯಾಟಿನ್ ಬಲಿಪೀಠವನ್ನೇರಿತು. ಅಂದರೆ ಲ್ಯಾಟಿನ್ ಪೂಜೆಯೂ ಒಂದು ಕಾಲದ ಜನಭಾಷೆಯ ಪೂಜೆಯೇ. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ದೈವಾರಾಧನೆಯ ಕುರಿತ ಸಂವಿಧಾನವನ್ನು ಪ್ರಕಟಿಸಿ ಜನಭಾಷೆಗೆ ಬಾಗಿಲು ತೆರೆದಾಗ ಪರಂಪರೆಯನ್ನು ಮುರಿಯಲಿಲ್ಲ, ಮುಂದುವರಿಸಿತು. ನಮ್ಮ ನಗರದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾ ಕೇಂದ್ರವನ್ನು ಕಟ್ಟಿದ ಫಾದರ್ ಅಮಲೋರ್ಪವದಾಸ್ ಅವರ ಕಾಲದಲ್ಲಿ, 1969ರಲ್ಲಿ, ಆರತಿ, ಎಣ್ಣೆಯ ದೀಪ, ಕೈಮುಗಿದ ನಮಸ್ಕಾರ ಮೊದಲಾದ 12 ಅಂಶಗಳಿಗೆ ರೋಮ್ ಒಪ್ಪಿಗೆ ನೀಡಿತು. ಇವು ನಮ್ಮ ಅಜ್ಜಿಯರಿಗೆ ಹೊಸತಾಗಿದ್ದವೇ?

ಜಗದ್ಗುರು 16ನೇ ಬೆನೆಡಿಕ್ಟರು 2007ರಲ್ಲಿ ಹಳೆಯ ವಿಧಿಗೆ ವಿಶಾಲ ಅನುಮತಿ ಕೊಟ್ಟರು. ಜಗದ್ಗುರು ಫ್ರಾನ್ಸಿಸರು 2021ರ ಜುಲೈನಲ್ಲಿ ಅದನ್ನು ಬಿಗಿಗೊಳಿಸಿದರು. ಆ ಪೂಜೆಯ ನೆಪದಲ್ಲಿ ಮಹಾಸಭೆಯನ್ನೇ ತಿರಸ್ಕರಿಸುವ ಮನೋಭಾವ ಬೆಳೆಯುತ್ತಿದೆ ಎಂಬುದು ಅವರ ನೋವಾಗಿತ್ತು.

ನನ್ನ ತಾಯಿ ತಮ್ಮ ಎಳೆತನದ ಪೂಜೆಯನ್ನು ನೆನೆದು ಹೇಳುತ್ತಿದ್ದರು: "ಸ್ವಾಮಿಯವರು ಅತ್ತ ತಿರುಗಿ ಏನೋ ಹೇಳುತ್ತಿದ್ದರು, ನಾವು ಇತ್ತ ಜಪಸರ ಹೇಳುತ್ತಿದ್ದೆವು. ಗಂಟೆ ಬಾರಿಸಿದಾಗ ತಲೆ ಎತ್ತುತ್ತಿದ್ದೆವು." ಅವರ ಭಕ್ತಿಗೆ ಕೊರತೆಯಿರಲಿಲ್ಲ. ಆದರೆ ಶುಭಸಂದೇಶ ಅವರ ಕಿವಿಗೆ ಬಿದ್ದು ಅರ್ಥವಾದದ್ದು ಕನ್ನಡದಲ್ಲಿ. ಕನ್ನಡ ಪೂಜೆಗಾಗಿ ಈ ನಗರದ ಹಿರಿಯರು ಪಟ್ಟ ಪಾಡನ್ನು ಬಲ್ಲವರು ಅದನ್ನು 'ನಿಜವಲ್ಲದ ಪೂಜೆ' ಎನ್ನಲಾರರು.

ಆದರೂ ಆ ಯುವಕನನ್ನು ಗದರಿಸಿ ಕಳುಹಿಸಲು ನನಗೆ ಮನಸ್ಸಾಗಲಿಲ್ಲ. ಮತ್ತೆ ಮತ್ತೆ ಕೇಳಿದಾಗ ಆತ ಹೇಳಿದ್ದಿಷ್ಟು: "ಅಲ್ಲಿ ಮೌನವಿದೆ, ಫಾದರ್." ಈ ಮಾತು ನನ್ನನ್ನು ಚುಚ್ಚಿತು. ಕೀಬೋರ್ಡು, ಡ್ರಮ್ಮುಗಳ ಅಬ್ಬರ, ಪ್ರಸಾದ ಸ್ವೀಕರಿಸಿದೊಡನೆ ಪ್ರಕಟಣೆಗಳ ಸರಮಾಲೆ, ಮುಂದಿನ ಪೂಜೆಗೆ ತಡವಾದೀತೆಂದು ಗಡಿಯಾರ ನೋಡುವ ಗುರು: ಇವನ್ನು ಮಹಾಸಭೆ ಹೇಳಿಕೊಡಲಿಲ್ಲ. ಪವಿತ್ರ ಮೌನವನ್ನು ಪಾಲಿಸಿರೆಂದೇ ಅದು ವಿಧಿಸಿತ್ತು. ತಪ್ಪು ಕನ್ನಡದ್ದಲ್ಲ, ನಮ್ಮದು, ಮೊದಲು ನನ್ನದು.

ಆದ್ದರಿಂದ ಬರುವ ಭಾನುವಾರ ಹತ್ತು ನಿಮಿಷ ಮೊದಲೇ ಬನ್ನಿ. ಮೊಬೈಲು ಆರಿಸಿ ಮೊಣಕಾಲೂರಿ. ಉತ್ತರಗಳನ್ನು ಕನ್ನಡದಲ್ಲಿ, ತುಂಬುದನಿಯಲ್ಲಿ ಹೇಳಿ. ಪ್ರಸಾದದ ನಂತರದ ಮೌನವನ್ನು ಕಾಯುವ ಹೊಣೆ ನನ್ನದು. ನಾನು ತಪ್ಪಿದರೆ ನೀವೇ ಕೇಳಿ.