ಓದಿದ ಪುಸ್ತಕಕ್ಕೆ ಎಷ್ಟು ಅಂಕ?

ಉತ್ತರಪತ್ರಿಕೆಗಳಿಗೆ ಅಂಕ ಕೊಡುವುದು ನಮ್ಮ ವೃತ್ತಿ. ಹತ್ತಕ್ಕೆ ಎರಡು ಪಡೆದವನ ಪತ್ರಿಕೆಯ ಮೇಲೆ ‘ಉತ್ತಮ’ ಎಂದು ನಾವು ಬರೆದರೆ ಮುಖ್ಯೋಪಾಧ್ಯಾಯರು ಕರೆಸಿ ವಿಚಾರಿಸದೆ ಬಿಡರು. ಆದರೆ ಅಮೇರಿಕೆಯಲ್ಲಿ ಹಳೆಯ ಕಾಮಿಕ್ ಪುಸ್ತಕಗಳನ್ನು ಸಂಗ್ರಹಿಸುವವರ ಲೋಕದಲ್ಲಿ ಇದೇ ರೂಢಿ. ಅಲ್ಲಿ ಪುಸ್ತಕದ ಸ್ಥಿತಿಗೆ ಹತ್ತರವರೆಗೆ ಅಂಕವುಂಟು. ಬೆನ್ನು ಸವೆದು, ಹೊದಿಕೆ ಸುಕ್ಕುಗಟ್ಟಿ, ಎರಡೇ ಅಂಕ ಗಳಿಸಿದ ಪ್ರತಿಗೆ ‘ಗುಡ್’ ಎಂದು ಹೆಸರು. ಮಾರುವವನು ಇಟ್ಟ ಹೆಸರಿರಬೇಕು!

ಈ ಲೆಕ್ಕಾಚಾರ ಮಕ್ಕಳಾಟವಲ್ಲ. ಸೂಪರ್‌ಮ್ಯಾನನು ಮೊದಲು ಕಾಣಿಸಿಕೊಂಡ ‘ಆಕ್ಷನ್ ಕಾಮಿಕ್ಸ್’ ಪತ್ರಿಕೆಯ ಪ್ರಥಮ ಸಂಚಿಕೆ 1938ರಲ್ಲಿ ಹತ್ತು ಸೆಂಟುಗಳಿಗೆ ಮಾರಾಟವಾಗಿತ್ತು. 9.0 ಅಂಕ ಪಡೆದ ಅದರ ಒಂದು ಪ್ರತಿಗೆ 2014ರಲ್ಲಿ 32 ಲಕ್ಷ ಡಾಲರುಗಳಿಗೂ ಮಿಕ್ಕ ಬೆಲೆ ಬಂದಿತು. ಹುಡುಗರು ಅಂತಹ ಪುಸ್ತಕಗಳನ್ನು ಮಡಿಚಿ ಜೇಬಿನಲ್ಲಿಟ್ಟುಕೊಂಡು ತಿರುಗಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾಶಿರಾಶಿಯಾಗಿ ರದ್ದಿ ಕಾಗದಕ್ಕೆ ಕೊಟ್ಟರು. ಉಳಿದವು ಕೆಲವೇ ಆದುದರಿಂದ ಈ ಬೆಲೆ. 1970ರಲ್ಲಿ ರಾಬರ್ಟ್ ಓವರ್‌ಸ್ಟ್ರೀಟ್ ಎಂಬವರು ಬೆಲೆಗಳ ಕೈಪಿಡಿಯೊಂದನ್ನು ಹೊರತಂದು, ಸ್ಥಿತಿಗೆ ತಕ್ಕಂತೆ ಬೆಲೆ ಕಾಣಿಸಿದರು. ಮಾರುವವನ ಕಣ್ಣಿಗೆ ಹೊಸತಾಗಿ ತೋರುವುದು ಕೊಳ್ಳುವವನ ಕಣ್ಣಿಗೆ ಹಳತಾಗಿ ತೋರುವುದು ಲೋಕಧರ್ಮವಷ್ಟೆ. ಈ ಜಗಳವನ್ನು ಬಗೆಹರಿಸಲೆಂದು 2000ದಲ್ಲಿ ಸಿ.ಜಿ.ಸಿ. ಎಂಬ ಸಂಸ್ಥೆ ಹುಟ್ಟಿತು. ಅಲ್ಲಿನ ಪರೀಕ್ಷಕರು ಬೆನ್ನಿನ ಗೆರೆ, ಪಿನ್ನಿನ ತುಕ್ಕು, ಕಾಗದದ ಬಣ್ಣ ಎಲ್ಲವನ್ನೂ ನೋಡಿ ಅಂಕವಿತ್ತು, ಪುಸ್ತಕವನ್ನು ಪಾರದರ್ಶಕ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಮುಚ್ಚಿ ಕೊಡುತ್ತಾರೆ.

ಜಗಳ ಮಾತ್ರ ನಿಲ್ಲಲಿಲ್ಲ. ಹದವಾದ ಶಾಖ, ತೇವ ಮತ್ತು ಒತ್ತಡದಿಂದ ಸುಕ್ಕು ತೆಗೆಯುವ ವಿದ್ಯೆಯೊಂದುಂಟು. ಬಣ್ಣ ಬಳಿದರೆ, ಕಾಗದದ ತುಂಡು ಅಂಟಿಸಿದರೆ ಸಂಸ್ಥೆಯವರು ಚೀಟಿಯ ಮೇಲೆ ನಮೂದಿಸುತ್ತಾರೆ. ಸುಕ್ಕು ತೆಗೆದುದನ್ನು ದುರಸ್ತಿಯೆಂದು ಎಣಿಸುವುದಿಲ್ಲ. ಏನನ್ನೂ ಸೇರಿಸಿಲ್ಲವಲ್ಲ, ದೋಷವೇನು ಎಂದು ಕೆಲವರು. ಕೊಳ್ಳುವವನಿಗೆ ತಿಳಿಸದೆ ಅಂಕ ಹೆಚ್ಚಿಸಿಕೊಳ್ಳುವುದು ಮೋಸವೆಂದು ಮತ್ತೆ ಕೆಲವರು. ನಾವು ಎರಡನೆಯ ಪಕ್ಷದವರು. ಸುಕ್ಕು ತೆಗೆಯಲಿ, ಆದರೆ ಹೇಳಿ ತೆಗೆಯಲಿ. ಅದೇ ಪ್ರತಿಯನ್ನು ಪುನಃ ಕಳುಹಿಸಿದರೆ ಬೇರೆ ಅಂಕ ಬರುವುದೂ ಉಂಟೆಂಬ ದೂರಿದೆ. ಹತ್ತನೆಯ ತರಗತಿಯ ಪ್ರಬಂಧಗಳನ್ನು ತಿದ್ದಿದ ಯಾವ ಉಪಾಧ್ಯಾಯನೂ ಇದನ್ನು ಕೇಳಿ ನಗಲಾರನು.

ನಮಗೆ ಹಿಡಿಸದಿರುವುದು ಬೇರೊಂದು ಸಂಗತಿ. ಎಂದೋ ಒಬ್ಬ ಬಾಲಕ ಮುಖಪುಟದ ಮೇಲೆ ಪೆನ್ಸಿಲಿನಿಂದ ತನ್ನ ಹೆಸರು ಬರೆದಿದ್ದರೆ ಅದು ದೋಷವೇ ಅಲ್ಲವೇ ಎಂದು ಅಲ್ಲಿ ವಾದ ನಡೆಯುತ್ತದೆ. ಆ ಪುಸ್ತಕವನ್ನು ಪ್ರೀತಿಸಿದವನ ಗುರುತು ಅದೊಂದೇ ಆಗಿರಬಹುದು. ಪೆಟ್ಟಿಗೆಯೊಳಗೆ ಸೇರಿದ ಮೇಲಂತೂ ಅದನ್ನು ಯಾರೂ ತೆರೆದು ಓದುವಂತಿಲ್ಲ. ತೆರೆದರೆ ಅಂಕದ ಆಧಾರವೇ ಹೋಯಿತು.

ನಾವು ಓದಿದ ಊರ ಶಾಲೆಯಲ್ಲಿಯೂ ಇಂತಹುದೇ ಒಂದು ಪೆಟ್ಟಿಗೆಯಿತ್ತು. ಪುಸ್ತಕಗಳು ಹಾಳಾದಾವೆಂದು ಕಪಾಟಿಗೆ ಸದಾ ಬೀಗ. ನಾವು ಮೆಟ್ರಿಕ್ ಮುಗಿಸುವ ವರ್ಷ ಅದನ್ನು ತೆರೆದಾಗ ಗೆದ್ದಲು ನಮಗಿಂತ ಮೊದಲೇ ಎಲ್ಲವನ್ನೂ ಓದಿ ಮುಗಿಸಿತ್ತು.

ಆದುದರಿಂದಲೇ ಈ ಮುಂಬಯಿಯ ಶಾಲೆಯಲ್ಲಿ ವಾಚನಾಲಯದ ಬೀಗದ ಕೈ ನಮ್ಮ ಪಾಲಿಗೆ ಬಂದಂದಿನಿಂದ ಕಪಾಟು ತೆರೆದೇ ಇದೆ. ಕಾರ್ಕಳದಲ್ಲಿ ಹುಟ್ಟಿ ಇದೇ ನಗರದಲ್ಲಿ ದುಡಿದ ಅನಂತ ಪೈಗಳು ಸಂಪಾದಿಸಿದ ‘ಅಮರ ಚಿತ್ರ ಕಥೆ’ಗಳು ಅಲ್ಲಿವೆ. ಅವುಗಳ ಬೆನ್ನು ಸವೆದಿದೆ, ಮೂಲೆಗಳು ದುಂಡಗಾಗಿವೆ, ಒಂದರ ಮೇಲೆ ಯಾರದೋ ಊಟದ ಡಬ್ಬಿಯ ಎಣ್ಣೆಯೂ ಬಿದ್ದಿದೆ. ಇವಕ್ಕೆ ನಾವು ಒಂದು ಅಂಕವನ್ನೂ ಕಳೆಯಲಾರೆವು.

ಒಂದು ವಿಷಯದಲ್ಲಿ ಮಾತ್ರ ನಾವು ಅಮೇರಿಕದ ಪರೀಕ್ಷಕರ ಜೊತೆ ನಿಲ್ಲುತ್ತೇವೆ. ಪುಟವೊಂದು ಕಾಣೆಯಾದ ಪ್ರತಿಯನ್ನು ಅವರು ಅಂಕಪಟ್ಟಿಯ ತಳಕ್ಕೆ ಇಳಿಸುತ್ತಾರೆ. ಸವೆದ ಪುಸ್ತಕವನ್ನು ಮುಂದಿನವನು ಓದಬಲ್ಲ. ಕತ್ತರಿಸಿದ ಪುಸ್ತಕದಲ್ಲಿ ಅವನಿಗೆ ಕಥೆಯೇ ಸಿಕ್ಕದು. ಕಳೆದ ವರ್ಷ ಚಾರ್ಟು ತಯಾರಿಸುವ ಉತ್ಸಾಹದಲ್ಲಿ ಯಾರೋ ಮೂರು ಪುಸ್ತಕಗಳ ಚಿತ್ರಗಳಿಗೆ ಕತ್ತರಿ ಹಾಕಿದ್ದಾರೆ. ಹೆಸರು ಕೇಳುವುದಿಲ್ಲ. ಚಿತ್ರಗಳು ಮನೆಯಲ್ಲಿದ್ದರೆ ತಂದು ಕಪಾಟಿನ ಕೆಳಗಿನ ಅರೆಯಲ್ಲಿಟ್ಟು ಹೋಗಬಹುದು. ಅಂಟಿನ ಬಾಟಲಿಯನ್ನು ಅಲ್ಲಿಯೇ ಇಟ್ಟಿದ್ದೇವೆ.